ಹ್ಯಾಂಡಲ್ ಮೇಲೊಂದು ಸ್ಕ್ರೀನ್, ಹೊಲದೊಳಗೊಂದು ಪಿನ್

"ಲೊಕೇಶನ್ ಹಾಕ್ರಿ ಕಾಕಾ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ಸೋಲಾರ್ ಪಂಪ್ ಸರ್ವಿಸ್ ನನ್ನ ಕೆಲಸ. ಮನೆ ಕಲಬುರಗಿಯಲ್ಲಿ, ದಿನ ಕಳೆಯುವುದು ಚಿತ್ತಾಪುರ, ಸೇಡಂ, ಜೇವರ್ಗಿ, ಶಹಾಪುರದ ಹೊಲಗಳಲ್ಲಿ. ಹೊಲಕ್ಕೆ ಅಡ್ರೆಸ್ ಎಲ್ಲಿಂದ ಬರಬೇಕು? "ಊರು ದಾಟಿದ ಮ್ಯಾಲ ಬೇವಿನ ಗಿಡ ಬರ್ತದ್ರಿ, ಅಲ್ಲಿಂದ ಎಡಕ್ಕ ಹೊಳ್ರಿ" ಅನ್ನುವುದೇ ಅಡ್ರೆಸ್. ದಾರಿಯಲ್ಲಿ ಬೇವಿನ ಗಿಡ ಹತ್ತು ಬರುತ್ತವೆ. ಹಾಗಾಗಿ ವಾಟ್ಸಾಪ್‌ನಲ್ಲಿ ಬರುವ ಆ ಕೆಂಪು ಪಿನ್ನೇ ನನಗೆ ಊರು, ಓಣಿ, ಮನೆ ನಂಬರ್ ಎಲ್ಲ.

ಮೂರು ವರ್ಷ ಫೋನನ್ನೇ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಓಡಾಡಿದೆ. ನಾಲ್ಕು ಮೂಲೆಗೂ ಉಗುರಿನಂತೆ ಹಿಡಿಯುವ ಹೋಲ್ಡರ್, ಮೇಲೊಂದು ರಬ್ಬರ್. ಚಳಿಗಾಲದಲ್ಲಿ ಯಾವ ತಕರಾರೂ ಇರಲಿಲ್ಲ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ಮಧ್ಯಾಹ್ನ ಒಂದರ ಸುಮಾರಿಗೆ, ಶಹಾಬಾದ್ ದಾಟಿ ವಾಡಿ ಕಡೆ ಹೊರಟಿದ್ದೆ. ಆ ಕಡೆ ಕಲ್ಲಿನ ಖಣಿಗಳು, ಕಡಿದಿಟ್ಟ ಫರ್ಸಿಯ ರಾಶಿಗಳು. ಅಲ್ಲಿ ಬಿಸಿಲು ಮೇಲಿಂದ ಬಂದಷ್ಟೇ ಕಲ್ಲಿನಿಂದಲೂ ಬರುತ್ತದೆ. ಮೊದಲು ಫೋನ್ ತಾನಾಗಿ ಮಂಕಾಯಿತು. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಮತ್ತೆ ಇಳಿಯಿತು. ಚಾರ್ಜಿಂಗ್ ನಿಂತಿತು. ಆಮೇಲೆ ಫೋನ್ ಬಿಸಿಯಾಗಿದೆ ಎಂದು ತೋರಿಸಿ ಸ್ಕ್ರೀನ್ ಕಪ್ಪಾಯಿತು.

ಟೀ ಅಂಗಡಿಯೊಂದರ ತಗಡಿನ ನೆರಳಿಗೆ ಹೋಗಿ ನಿಂತೆ. ಫೋನನ್ನು ಮುಟ್ಟಿದರೆ ಒಲೆಯಿಂದ ಇಳಿಸಿದ ಹಂಚಿನಂತೆ ಕಾದಿತ್ತು. ಅಂಗಡಿಯ ಅಕ್ಕ "ಫ್ರಿಜ್ಜಿನಾಗ ಇಡ್ಲೇನ್ರಿ ಅಣ್ಣಾ?" ಎಂದರು. ಬೇಡ ಎಂದೆ. ಕಾದ ಫೋನನ್ನು ಒಮ್ಮೆಲೇ ತಣ್ಣಗೆ ಮಾಡಿದರೆ ಒಳಗೆ ನೀರಿನ ಹನಿ ಕಟ್ಟುತ್ತದೆ. ಗಾಳಿಗೆ ಇಟ್ಟು ಕಾದೆ. ಅರ್ಧ ಗಂಟೆ ಹೋಯಿತು. ಅತ್ತ ಕಡೆ ಹತ್ತಿಗೆ ನೀರಿಲ್ಲ ಎಂದು ಕಾಯುತ್ತಿದ್ದ ರೈತರಿಗೆ ಫೋನ್ ಮಾಡಿ ಹೇಳಲೂ ಆಗಲಿಲ್ಲ. ನಂಬರ್ ಇದ್ದದ್ದು ಆ ಕಪ್ಪು ಗಾಜಿನೊಳಗೆ.

ಆ ದಿನ ರಾತ್ರಿ ಕೂತು ಓದಿದೆ. ಆಪಲ್ ಕಂಪನಿ ತನ್ನ ಐಫೋನ್‌ಗಳನ್ನು 0ರಿಂದ 35 ಡಿಗ್ರಿ ಉಷ್ಣಾಂಶದಲ್ಲಿ ಬಳಸಿ ಎನ್ನುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 42, 43 ಮುಟ್ಟುತ್ತದೆ. ನನ್ನದು ಐಫೋನ್ ಅಲ್ಲ. ಆದರೆ ಒಳಗಿನ ಬ್ಯಾಟರಿ ಅದೇ ಜಾತಿಯದು, ಲಿಥಿಯಂ. ಅದರ ಮೇಲೆ ನೇರ ಬಿಸಿಲು, ಒಳಗೆ ಜಿಪಿಎಸ್, ಡೇಟಾ, ಪೂರ್ತಿ ಏರಿಸಿದ ಬೆಳಕು, ಚಾರ್ಜಿಂಗ್. ಇಷ್ಟು ಕೆಲಸ ಒಟ್ಟಿಗೆ ಕೊಟ್ಟ ಮೇಲೆ ಅದು ನಿಂತಿದ್ದು ತನ್ನನ್ನು ಉಳಿಸಿಕೊಳ್ಳಲು. ತಪ್ಪು ಫೋನಿನದಲ್ಲ, ಅದನ್ನು ಇಟ್ಟ ಜಾಗದ್ದು.

ಅದೇ ಮಳೆಗಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮೋಟಾರಿನ ನೇಮ್ ಪ್ಲೇಟ್, ಕಂಟ್ರೋಲರ್‌ನ ಎರರ್ ನಂಬರ್, ಇವುಗಳ ಫೋಟೋ ಕಳಿಸಿದರೆ ಮಾತ್ರ ಆಫೀಸಿನಿಂದ ಪಾರ್ಟ್ ಬರುತ್ತದೆ. ಒಂದು ದಿನ ಕ್ಯಾಮೆರಾ ತೆಗೆದರೆ ಚಿತ್ರ ನಡುಗುತ್ತಿದೆ. ಕೈ ಗಟ್ಟಿ ಹಿಡಿದರೂ ನಡುಗುತ್ತದೆ. ಕಿವಿಗೆ ಹಚ್ಚಿದರೆ ಒಳಗಿಂದ ಸಣ್ಣಗೆ ಗುಂಯ್‌ಗುಟ್ಟುವ ಸದ್ದು. ರಿಪೇರಿ ಹುಡುಗ ಒಂದೇ ಮಾತು ಕೇಳಿದ: "ಗಾಡಿ ಮ್ಯಾಲ ಹಾಕ್ತೀರೇನ್ರಿ?" ಕ್ಯಾಮೆರಾ ಅಲುಗದಂತೆ ಹಿಡಿಯುವ ಪುಟ್ಟ ಯಂತ್ರವೊಂದು ಒಳಗಿರುತ್ತದೆ. ಲೆನ್ಸನ್ನು ತೇಲಿಸಿ ಇಟ್ಟಂತೆ. ಬೈಕಿನ ಇಂಜಿನ್ ನಡುಕ ಹ್ಯಾಂಡಲ್ ಮೂಲಕ ಹತ್ತಿ ಹತ್ತಿ ಅದನ್ನೇ ಸಡಿಲ ಮಾಡುತ್ತದೆ. 2021ರ ಸೆಪ್ಟೆಂಬರ್‌ನಲ್ಲೇ ಆಪಲ್ ಈ ಬಗ್ಗೆ ಬರೆದು ಎಚ್ಚರಿಸಿತ್ತು: ದೊಡ್ಡ ಇಂಜಿನ್ನಿನ ಬೈಕಿಗೆ ಐಫೋನನ್ನು ಸಿಕ್ಕಿಸಬೇಡಿ, ಸಣ್ಣ ಗಾಡಿಗಾದರೂ ನಡುಕ ಹೀರುವ ಮೌಂಟ್ ಹಾಕಿ ಎಂದು. ನನಗೆ ತಿಳಿದಿದ್ದು ಕ್ಯಾಮೆರಾ ಹೋದ ಮೇಲೆ.

ಇಷ್ಟಾದ ಮೇಲೆ ಒಂದು ನಿರ್ಧಾರ ಗಟ್ಟಿಯಾಯಿತು. ಫೋನ್ ಜೇಬಿನಲ್ಲಿರಬೇಕು. ಹ್ಯಾಂಡಲ್ ಮೇಲೆ ಇರುವುದು ಬಿಸಿಲಿಗೆ, ಮಳೆಗೆ, ನಡುಕಕ್ಕೆ ಅಂತಲೇ ಮಾಡಿದ್ದಾಗಿರಬೇಕು.

ಹುಡುಕಲು ಹೊರಟರೆ ಮೂರು ಜಾತಿ ಕಂಡವು. ಒಂದು, ಬರೀ ಬಾಣ ತೋರಿಸುವ ಚಿಕ್ಕ ಸ್ಕ್ರೀನ್. ಎಡಕ್ಕೆ, ಬಲಕ್ಕೆ, ಇನ್ನು 300 ಮೀಟರ್, ಅಷ್ಟೇ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ 350 ಜೊತೆ ಟ್ರಿಪ್ಪರ್ ಎಂದು ಮೀಟರ್ ಪಕ್ಕದಲ್ಲೇ ಒಂದು ದುಂಡನೆಯ ಸ್ಕ್ರೀನ್ ಕೊಟ್ಟಿತಲ್ಲ, ಆ ಥರದ್ದು. ಮುಂದೆ 2023ರ ಹಿಮಾಲಯನ್ 450ರಲ್ಲಿ ಅವರೇ ಪೂರ್ತಿ ಮ್ಯಾಪ್ ಬರುವ 4 ಇಂಚಿನ ಸ್ಕ್ರೀನ್ ತಂದರು. ಎರಡನೆಯದು ಗಾರ್ಮಿನ್ ಜೂಮೋದಂಥದ್ದು. ಮ್ಯಾಪು, ಜಿಪಿಎಸ್ ಎಲ್ಲ ಅದರೊಳಗೇ ಇರುತ್ತದೆ, ದಾರಿ ತೋರಿಸಲು ಫೋನೇ ಬೇಡ. ದೂರದ ಊರು ಸುತ್ತುವವರಿಗೆ ಅದು ಒಳ್ಳೆಯದು. ದಿನದ ಕೆಲಸದ ಗಾಡಿಗೆ ಅದರ ಬೆಲೆ ಭಾರ. ಮೂರನೆಯದು, ಈಗ ಎಲ್ಲೆಲ್ಲೂ ಸಿಗುವ 5, 6 ಇಂಚಿನ ಸ್ಕ್ರೀನ್. ಅದರೊಳಗೆ ತನ್ನದೇ ಮ್ಯಾಪ್ ಇಲ್ಲ. ಫೋನಿನ ಮ್ಯಾಪನ್ನು ಗಾಡಿಯ ಸ್ಕ್ರೀನಿಗೆ ತರಲೆಂದೇ ಆಂಡ್ರಾಯ್ಡ್ ಫೋನಿನಲ್ಲಿ ಆಂಡ್ರಾಯ್ಡ್ ಆಟೋ, ಐಫೋನಿನಲ್ಲಿ ಕಾರ್‌ಪ್ಲೇ ಇರುತ್ತದೆ; ಜೇಬಿನಲ್ಲಿರುವ ಫೋನಿನಿಂದ ಅದು ಈ ಸ್ಕ್ರೀನ್ ಮೇಲೆ ಮೂಡುತ್ತದೆ. ಮೊದಲು ಬ್ಲೂಟೂತ್‌ನಲ್ಲಿ ಎರಡೂ ಪರಿಚಯ ಮಾಡಿಕೊಳ್ಳುತ್ತವೆ, ಆಮೇಲೆ ಚಿತ್ರವೆಲ್ಲ ವೈಫೈ ಮೇಲೆ ಹರಿಯುತ್ತದೆ. ಫೋನ್ ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಿದ್ದರೆ ವೈರ್ ಇಲ್ಲದೆ ನಡೆಯುತ್ತದೆ.

ಮೊದಲು ನನ್ನ ಮನಸ್ಸು ಬಾಣದ ಕಡೆ ಇತ್ತು. ಕಣ್ಣು ರಸ್ತೆ ಬಿಟ್ಟು ಜಾಸ್ತಿ ಹೊತ್ತು ಇರಬಾರದು, ಅದಕ್ಕೆ ಬಾಣಕ್ಕಿಂತ ಒಳ್ಳೆಯದಿಲ್ಲ ಅಲ್ವಾ? ಗೆಳೆಯನೊಬ್ಬ ಅಂಥದ್ದೊಂದು ಸ್ಕ್ರೀನ್ ತರಿಸಿ ತನ್ನ ಗಾಡಿಗೆ ಹಾಕಿಸಿದ್ದ. ಒಂದು ವಾರ ಗಾಡಿ ಬದಲು ಮಾಡಿಕೊಂಡೆವು. ಹುಮನಾಬಾದ್ ದಾಟಿ ಬೀದರ್‌ಗೆ ಹೋಗಿ ಬಂದೆ. ಹೈವೇಯಲ್ಲಿ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಒಂದು ಕ್ಷಣ ನೋಡಿದರೆ ಸಾಕು.

ಆದರೆ ಆ ವಾರದ ಕೊನೆಯ ಕೆಲಸ ಭೀಮಾ ದಂಡೆಯದು. ನಾಲವಾರ ದಾಟಿ ಸನ್ನತಿ ಕಡೆ ಹೋದೆ. ಸನ್ನತಿ ಗೊತ್ತಲ್ಲ, 1986ರಲ್ಲಿ ಗುಡಿಯ ಚಾವಣಿ ಕುಸಿದು ಅಶೋಕನ ಶಾಸನ ಸಿಕ್ಕ ಊರು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಅಶೋಕನ ಹೆಸರು ಕೊರೆದ ಅವನದೇ ಶಿಲ್ಪ ಸಿಕ್ಕಿತು. ಆ ಕಡೆ ಹೋದಾಗೆಲ್ಲ ಒಂದು ನಿಮಿಷ ಗಾಡಿ ನಿಲ್ಲಿಸುವುದು ನನ್ನ ರೂಢಿ. ಎರಡು ಸಾವಿರ ವರ್ಷದ ಹಿಂದೆಯೂ ಜನ ಈ ನದಿ ದಂಡೆಗೆ ದಾರಿ ಹುಡುಕಿಕೊಂಡು ಬಂದಿದ್ದರು, ಹೇಳಲು ಒಂದು ನೇಮ್ ಪ್ಲೇಟೂ ಬಿಟ್ಟು ಹೋದರು.

ಆ ದಿನ ಡಾಂಬರು ಮುಗಿದ ಮೇಲೆ ಬಾಣವೂ ಮುಗಿಯಿತು. ಮುಂದೆ ಬಂಡಿ ದಾರಿ. ಅದು ಮ್ಯಾಪಿನಲ್ಲೇ ಇಲ್ಲ, ಆ ಸಣ್ಣ ಸ್ಕ್ರೀನ್ ಪಾಪ ಏನು ತೋರಿಸೀತು? ಹಿಂದಕ್ಕೆ ಹೊಳ್ಳಿ ಎನ್ನುತ್ತಿತ್ತು. ತೊಗರಿ ಎದೆಯೆತ್ತರ ಬೆಳೆದಿತ್ತು, ಅತ್ತ ಇತ್ತ ಏನೂ ಕಾಣುವುದಿಲ್ಲ. ಜೇಬಿನಿಂದ ಫೋನ್ ತೆಗೆದು ಮ್ಯಾಪ್ ನೋಡಿದಾಗ ಗೊತ್ತಾಯಿತು. ರೈತರ ಪಿನ್ ನನ್ನಿಂದ ಒಂದು ಕಿಲೋಮೀಟರ್ ಕೂಡ ಇಲ್ಲ, ಆದರೆ ನಡುವೆ ಭೀಮಾ ಹರಿಯುತ್ತಿದೆ. ಹೊಲ ಶಹಾಪುರ ತಾಲೂಕಿನದು. ನಾನು ನಿಂತಿದ್ದು ಚಿತ್ತಾಪುರದ ದಡದಲ್ಲಿ.

ನನ್ನ ಆಯ್ಕೆ ಬದಲಾಗಿದ್ದು ಅಲ್ಲೇ, ಆ ತೊಗರಿ ಸಾಲಿನ ನಡುವೆ. ರಸ್ತೆ ಇರುವ ತನಕ ಬಾಣ ಸಾಕು. ರಸ್ತೆ ಮುಗಿದ ಮೇಲೆ ಚಿತ್ರ ಬೇಕು. ನಾನೆಲ್ಲಿ, ಪಿನ್ನೆಲ್ಲಿ, ನದಿ ಯಾವ ಕಡೆ, ಕೆನಾಲ್ ಎಲ್ಲಿ ದಾಟುತ್ತದೆ, ಇಷ್ಟು ಒಂದೇ ನೋಟಕ್ಕೆ ಕಾಣಬೇಕು. ಬೆಂಗಳೂರಿನವರು ಬರೆದ ಸಲಹೆಯಲ್ಲಿ ಈ ಮಾತು ನನಗೆ ಸಿಕ್ಕಿರಲಿಲ್ಲ. ಅವರ ಪಿನ್ನುಗಳೆಲ್ಲ ರಸ್ತೆಯ ಮೇಲೇ ಇರುತ್ತವೆ.

ಹಾಗಾಗಿ 5 ಇಂಚಿನ ಸ್ಕ್ರೀನ್ ಎಂದಾಯಿತು. 7 ಇಂಚಿನದ್ದೂ ಸಿಗುತ್ತದೆ. ನನ್ನ ಗಾಡಿಗೆ ಹಿಡಿದು ನೋಡಿದರೆ ಮೀಟರೂ ಇಂಡಿಕೇಟರ್ ದೀಪವೂ ಮುಚ್ಚಿಹೋದವು.

ಇನ್ನು ಬಿಸಿಲು. ಈ ಒಂದು ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ, ನೀವೂ ಕೊಡಿ. ಸ್ಕ್ರೀನಿನ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಡಬ್ಬಿಯ ಮೇಲೆ 1000 ಎಂದು ಬರೆದಿದ್ದ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮನೆಯೊಳಗೆ ಕಣ್ಣು ಕುಕ್ಕುವಷ್ಟು ಬೆಳಕು. ಮಧ್ಯಾಹ್ನ ಮಾಳಿಗೆ ಮೇಲೆ ಒಯ್ದರೆ ಕಂಡಿದ್ದು ನನ್ನ ಮುಖವೇ. ಬೆಳಕು ಎಷ್ಟಿದ್ದರೇನು, ಹೊರಗಿನ ಗಾಜು ಕನ್ನಡಿಯಾದರೆ? ಗಾಜಿಗೂ ಒಳಗಿನ ಪ್ಯಾನೆಲ್‌ಗೂ ನಡುವೆ ಗಾಳಿಯ ಸಂದು ಇದ್ದರೆ ಬಿಸಿಲು ಅಲ್ಲೂ ಒಮ್ಮೆ ಹೊಳೆಯುತ್ತದೆ. ಎರಡನ್ನೂ ಅಂಟಿಸಿ ಸಂದು ಮುಚ್ಚಿದ ಸ್ಕ್ರೀನ್ ಆದರೆ ಆ ಹೊಳಪು ಕಡಿಮೆ. ತರಿಸಿದ್ದನ್ನು ವಾಪಸ್ ಕಳಿಸಿದೆ. ಎರಡನೆಯದನ್ನು ಕೊಳ್ಳುವ ಮುಂಚೆ ಅಂಗಡಿಯವರಿಗೆ ಹೊರಗೆ ಬಿಸಿಲಿಗೆ ತಂದು ತೋರಿಸಿ ಎಂದೆ. ಬೇಸರ ಮಾಡಿಕೊಳ್ಳದೆ ಪವರ್ ಬ್ಯಾಂಕ್ ಹಚ್ಚಿ ಫುಟ್‌ಪಾತ್ ಮೇಲೆ ತಂದು ಹಿಡಿದರು. ಹೆಲ್ಮೆಟ್ ಹಾಕಿಕೊಂಡೆ, ವೈಸರ್ ಇಳಿಸಿದೆ, ಗಾಡಿ ಮೇಲೆ ಕೂತಷ್ಟೇ ದೂರದಿಂದ ನೋಡಿದೆ. ಊರ ಹೆಸರು ಓದಲು ಬಂತು. ಕೊಂಡೆ.

ಕೂಲಿಂಗ್ ಗ್ಲಾಸ್ ಹಾಕುವವರು ಅದನ್ನೂ ಹಾಕಿಯೇ ನೋಡಿ. ಪೋಲರೈಸ್ಡ್ ಗ್ಲಾಸ್ ಆದರೆ ಕೆಲವು ಎಲ್‌ಸಿಡಿ ಸ್ಕ್ರೀನ್ ಅದರೊಳಗಿಂದ ಪೂರ್ತಿ ಕಪ್ಪಾಗಿ ಕಾಣುತ್ತದೆ. ತಲೆ ಓರೆ ಮಾಡಿದರೆ ಮತ್ತೆ ಬೆಳಗುತ್ತದೆ. ಸ್ಕ್ರೀನಿನ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು, ಗ್ಲಾಸ್ ಅದನ್ನೇ ತಡೆಯುತ್ತದೆ. ಇದು ಯಾರ ಮೋಸವೂ ಅಲ್ಲ. ಗ್ಲಾಸ್ ಬದಲಿಸಿದರೆ ಸರಿಹೋಗುತ್ತದೆ.

ನೀರಿನ ವಿಷಯ ಬೇಗ ಹೇಳುತ್ತೇನೆ. ಐಪಿ67 ಎಂದು ಇದ್ದರೆ ಧೂಳು ಒಳಗೆ ಹೋಗುವುದಿಲ್ಲ, 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ ಎಂದು ಅರ್ಥ. ನಮ್ಮ ಮಳೆಗೆ ಸಾಕು. ಆದರೆ ಸ್ಕ್ರೀನ್ ಹಾಳಾಗದೆ ಇರುವುದು ಬೇರೆ, ಮಳೆಯಲ್ಲಿ ಕೆಲಸ ಮಾಡುವುದು ಬೇರೆ. ಹನಿ ಬಿದ್ದರೆ ಬೆರಳು ಮುಟ್ಟಿತು ಎಂದು ತಿಳಿದು ಮ್ಯಾಪ್ ತಾನಾಗಿ ಸರಿಯುತ್ತದೆ. ಮಳೆ ಶುರುವಾದರೆ ನಾನು ಟಚ್ ಲಾಕ್ ಮಾಡಿಬಿಡುತ್ತೇನೆ. ನಿಮ್ಮ ಗ್ಲೌಸಿಗೆ ಟಚ್ ಹಿಡಿಯುತ್ತದೋ ಇಲ್ಲವೋ, ಅದನ್ನೂ ಅಂಗಡಿಯಲ್ಲೇ ನೋಡಿಕೊಳ್ಳಿ.

ಹಾಕಿಸುವ ಕೆಲಸಕ್ಕೆ ನಮ್ಮ ಓಣಿಯ ಮೆಕ್ಯಾನಿಕ್ ಮಾಮಾ ಅರ್ಧ ದಿನ ತೆಗೆದುಕೊಂಡರು. ಅಷ್ಟು ಹೊತ್ತು ಯಾಕೆ ಎಂದು ಮೊದಲು ಅನ್ನಿಸಿತು. ನೋಡುತ್ತಾ ಕೂತ ಮೇಲೆ ಅನ್ನಿಸಲಿಲ್ಲ. ವೈರನ್ನು ನೇರ ಬ್ಯಾಟರಿಗೆ ಕೊಟ್ಟರೆ ಗಾಡಿ ನಿಂತಾಗಲೂ ಸ್ಕ್ರೀನ್ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಸೆಲ್ಫ್ ಎತ್ತುವುದಿಲ್ಲ. ಹಾಗಾಗಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರನ್ನು ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಿದರು. ಅದರ ನಡುವೆ ಒಂದು ಫ್ಯೂಸ್ ಹಾಕಿದರು. ವೈರಿನ ಮೇಲೆ ಕೊಳವೆ ತೊಡಿಸಿ, ಟ್ಯಾಂಕಿನ ಕೆಳಗಿಂದ ತಂದು, ಹ್ಯಾಂಡಲ್ ಹತ್ತಿರ ಒಂದು ಬೆರಳಷ್ಟು ಸಡಿಲ ಬಿಟ್ಟರು. ಆಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದರು. ಇಂಜಿನ್ ಚಾಲೂ ಇಟ್ಟೇ ತಿರುಗಿಸಿದರು. ವೈರ್ ಆಕ್ಸಿಲರೇಟರ್ ಕೇಬಲ್ಲಿಗೆ ಸಿಕ್ಕಿದರೆ ಇಂಜಿನ್ ಸದ್ದು ತಾನಾಗಿ ಏರುತ್ತದಂತೆ. ಅವರು ಕಿವಿ ಕೊಟ್ಟು ಕೇಳಿದರು. "ಈಗ ಬರೋಬ್ಬರಿ ಆಯ್ತು ನೋಡು" ಎಂದರು.

ಕ್ಲಾಂಪಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷದೊಳಗೆ ಅಲೆ ಅಲೆಯಾಗುತ್ತದೆ. ಜೇವರ್ಗಿ ತಾಲೂಕಿನ ಒಳರಸ್ತೆಗಳಲ್ಲಿ ಗಾಡಿ ದೋಣಿಯಂತೆ ಏರಿ ಇಳಿಯುತ್ತದೆ. ಪ್ಲಾಸ್ಟಿಕ್ ಕ್ಲಾಂಪ್ ಇಲ್ಲಿ ತಡೆಯುವುದಿಲ್ಲ. ಅಲ್ಯೂಮಿನಿಯಂದು ತೆಗೆದುಕೊಳ್ಳಿ, ನಡುವೆ ರಬ್ಬರ್ ಇರಲಿ. ಬೋಲ್ಟಿಗೆ ಲಾಕ್ ಮಾಡುವ ದ್ರಾವಣ ಒಂದು ಹನಿ ಬಿಡಿಸಿ. ವಾರಕ್ಕೊಮ್ಮೆ ಅಲೆನ್ ಕೀ ಹಿಡಿದು ತಿರುಗಿಸಿ ನೋಡುವುದು ನನಗೀಗ ಚೈನಿಗೆ ಆಯಿಲ್ ಬಿಟ್ಟಷ್ಟೇ ರೂಢಿಯಾಗಿದೆ.

ಫೋನ್ ಮಾತಿಗೆ ಬರುತ್ತೇನೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿಯ ಪ್ರಕಾರ, ಗಾಡಿ ಓಡಿಸುವಾಗ ಫೋನಿನಂಥ ಸಾಧನವನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಓಡಿಸುವವರ ಗಮನ ಕೆಡದಂತೆ. ಸರಿಯಾದ ನಿಯಮ. ಸ್ಕ್ರೀನ್ ಬಂದ ಮೇಲೆ ನನಗೆ ಅದರ ಅರ್ಥ ಇನ್ನೂ ಚೆನ್ನಾಗಿ ಆಯಿತು.

ಹಾಕಿಸಿದ ಎರಡನೇ ವಾರ. ಜೇವರ್ಗಿ ರಸ್ತೆಯಲ್ಲಿ 60ರ ವೇಗದಲ್ಲಿದ್ದೆ. ಸ್ಕ್ರೀನ್ ಮೇಲೆ ಒಂದು ಹೆಸರು ಮೂಡಿತು, ಕರೆ. ಯಾರು ಎಂದು ನೋಡಿದೆ. ತಲೆ ಎತ್ತಿದರೆ ಮುಂದೆ ಕುರಿ ಹಿಂಡು, ರಸ್ತೆ ಅರ್ಧ ದಾಟಿತ್ತು. ಹಿಂದಿನ ಚಕ್ರ ಜಾರಿತು. ಗಾಡಿ ನಿಂತಿತು. ಕುರಿ ಕಾಯುವ ಅಜ್ಜ ಬೈಯಲಿಲ್ಲ. ನನ್ನ ಮುಖ ನೋಡಿ "ನೀರ್ ಕುಡಿ ತಮ್ಮಾ" ಎಂದು ಬಾಟಲಿ ಕೊಟ್ಟರು. ಕೈ ನಡುಗುತ್ತಿತ್ತು. 60ರ ವೇಗದಲ್ಲಿ ಎರಡು ಸೆಕೆಂಡಿಗೆ ಗಾಡಿ 33 ಮೀಟರ್ ಹೋಗಿರುತ್ತದೆ. ನಾನು ನೋಡಿದ್ದು ಒಂದು ಹೆಸರು, ಅಷ್ಟೇ. ಅಷ್ಟಕ್ಕೆ 33 ಮೀಟರ್ ರಸ್ತೆ ಕಣ್ಣಿಲ್ಲದೆ ದಾಟಿದ್ದೆ.

ಅಂದು ಸಂಜೆಯೇ ಕೂತು ಕರೆ, ಮೆಸೇಜು ಯಾವುದೂ ಸ್ಕ್ರೀನ್ ಮೇಲೆ ಮೂಡದಂತೆ ಒಂದೊಂದಾಗಿ ಬಂದ್ ಮಾಡಿದೆ. ಉಳಿಸಿದ್ದು ಮ್ಯಾಪ್ ಒಂದೇ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುತ್ತದೆ, ಹೆಲ್ಮೆಟ್ಟಿನ ಸ್ಪೀಕರಿಗೆ ಅದನ್ನು ಕೊಟ್ಟಿದ್ದೇನೆ. ಲಾರಿ ಹಾರ್ನ್ ಕೇಳುವಷ್ಟು ಸಣ್ಣ ಸದ್ದಿನಲ್ಲಿ. ಓಡುವಾಗ ಕಿವಿ, ನಿಂತಾಗ ಕಣ್ಣು. ಅರ್ಧ ಗಂಟೆಗೊಮ್ಮೆ ನೆರಳು ಸಿಕ್ಕಲ್ಲಿ ನಿಂತು, ತಪ್ಪಿದ ಕರೆಗಳಿಗೆ ನಾನೇ ಫೋನ್ ಮಾಡುತ್ತೇನೆ. ಮನೆಯಲ್ಲೂ ಆಫೀಸಿನಲ್ಲೂ ಹೇಳಿಟ್ಟಿದ್ದೇನೆ. ಈ ತನಕ ಯಾವ ಕೆಲಸವೂ ಕೆಟ್ಟಿಲ್ಲ.

ಇಷ್ಟಕ್ಕೆ 5 ಇಂಚಿನ ಸ್ಕ್ರೀನ್ ಯಾಕೆ ಬೇಕಿತ್ತು ಎಂದು ತಂಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಅದು ಬೇಕಾಗುವುದು ದಿನದ ಕೊನೆಯ ಎರಡು ಕಿಲೋಮೀಟರಿಗೆ, ಬಂಡಿ ದಾರಿ ಎರಡಾಗಿ ಒಡೆಯುವ ಜಾಗಕ್ಕೆ. ಅಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ, ಮ್ಯಾಪನ್ನು ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ, ಬೆರಳಿಂದ ದೊಡ್ಡದು ಮಾಡುತ್ತೇನೆ. ಬಾವಿ ಕಾಣುತ್ತದೆ, ಗುಡಿಸಲು ಕಾಣುತ್ತದೆ, ಕೆಲವೊಮ್ಮೆ ಸೋಲಾರ್ ಪ್ಯಾನೆಲ್ಲೇ ನೀಲಿ ಗೆರೆಯಾಗಿ ಕಾಣುತ್ತದೆ. ಹೊಲದ ನಡುವೆ ನಿಂತು ಅದೇ ಹೊಲವನ್ನು ಮೇಲಿಂದ ನೋಡುವುದು ನನಗೆ ಇವತ್ತಿಗೂ ಹಳೆಯದಾಗಿಲ್ಲ.

ಮ್ಯಾಪಿಗೆ ಗೊತ್ತಿಲ್ಲದ್ದೂ ಬಹಳ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಬಂದು ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಹಳ್ಳದ ಮೇಲಿನ ತಗ್ಗು ಸೇತುವೆ ಮುಳುಗಿದರೂ ಸ್ಕ್ರೀನ್ ಮೇಲಿನ ನೀಲಿ ಗೆರೆ ಅದರ ಮೇಲೆಯೇ ಹೋಗುತ್ತಿರುತ್ತದೆ. ಮಳೆಗಾಲದಲ್ಲಿ ಹಳ್ಳಿ ಬಾಗಿಲಲ್ಲಿ ಕೂತವರನ್ನು ಕೇಳದೆ ನಾನು ಮುಂದೆ ಹೋಗುವುದಿಲ್ಲ.

ಹೋದ ವಾರ ಯಾದಗಿರಿ ಕಡೆಯ ಒಂದು ಊರಲ್ಲಿ ಹಾಗೇ ನಿಂತಿದ್ದೆ. ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು ಸ್ಕ್ರೀನ್ ನೋಡಿದರು. ಬಿಸಿಲಿಗೆ ಅಂಗೈ ಅಡ್ಡ ಹಿಡಿದರು. "ಇದು ನಮ್ಮ ಊರ ಏನು?" ಎಂದರು. ಹೌದು ಕಾಕಾ ಎಂದೆ. ಸ್ವಲ್ಪ ಹೊತ್ತು ನೋಡಿದರು. ಕೆರೆ ಗುರುತು ಹಿಡಿದರು, ಗುಡಿ ಗುರುತು ಹಿಡಿದರು. ಆಮೇಲೆ ನನ್ನ ಪಿನ್ನಿನ ಮೇಲೆ ಬೆರಳಿಟ್ಟರು.

"ಇಲ್ಲಿ ಅವ್ರ ಹೊಲ ಇಲ್ಲ. ಇದು ಅವ್ರ ಮನಿ. ಮನ್ಯಾಗ ಕುಂತು ಕಳ್ಸ್ಯಾರ. ಹೊಲ ಇಲ್ಲಿ ಅದ ನೋಡು, ಕೆನಾಲ್ ಆಚಿಗಿ."

ಬೆರಳನ್ನು ನಿಧಾನವಾಗಿ ಮೇಲಕ್ಕೆ ಸರಿಸಿದರು. ಅವರ ಬೆರಳ ಜೊತೆ ಮ್ಯಾಪೂ ಸರಿಯಿತು. ಅವರು ಗಾಬರಿಯಾಗಿ ಕೈ ತೆಗೆದರು. "ಏನೂ ಆಗಲ್ಲ ಕಾಕಾ, ಇಡ್ರಿ" ಎಂದೆ. ಮತ್ತೆ ಬೆರಳಿಟ್ಟರು, ಕೆನಾಲ್ ದಾಟಿಸಿದರು, ಒಂದು ಹುಣಸೆ ಗಿಡದ ಹತ್ತಿರ ನಿಲ್ಲಿಸಿದರು. ಅಲ್ಲೊಂದು ಹೊಸ ಪಿನ್ ಇಟ್ಟು, ರೈತರ ಹೆಸರು ಬರೆದು ಉಳಿಸಿಕೊಂಡೆ. ಗಾಜಿನ ಮೇಲೆ ಅವರ ಬೆರಳಿನ ಎರೆಮಣ್ಣು ಉಳಿದಿತ್ತು. ಒರೆಸದೆ ಹಾಗೇ ಹೊರಟೆ. ಮ್ಯಾಪ್ ಕಾಣುತ್ತಿತ್ತು.